ಅದೇ ಪೆಟ್ಟಿಗೆ, ಬೇರೆ ಆಟ

ಹಳೇ ಗುಡಿಗಳ ನಮ್ಮ ಶಿರವಾಳದಿಂದ ಅಪ್ಪನ ಜೊತೆ ಶಹಾಪುರದ ಸಂತೆಗೆ ಹೋದಾಗಲೆಲ್ಲ ನನ್ನ ಕಾಲು ವಿಡಿಯೊ ಗೇಮ್ ಅಂಗಡಿ ಕಡೆಗೇ ತಿರುಗುತ್ತಿತ್ತು. ಒಂದು ರೂಪಾಯಿಗೆ ಒಂದು ಆಟ. ಆಗೀಗ ಆಟ ಬದಲಾಗುತ್ತಿತ್ತು. ಪೆಟ್ಟಿಗೆ ಮೇಲಿನ ಗೀರು ಮಾತ್ರ ಅದೇ. ಅದ್ಹೆಂಗ ಅಂತ ಆಗ ತಿಳೀಲೇ ಇಲ್ಲ.

ತಿಳಿದದ್ದು ಈಗ, ಬೆಂಗಳೂರಿನ ಮನೆಯಲ್ಲಿ ಅಂಥದೇ ಒಂದು ಹಳೇ ಪೆಟ್ಟಿಗೆ ಬಿಚ್ಚಿ ಕೂತಾಗ. 1978ರ ಸ್ಪೇಸ್ ಇನ್‌ವೇಡರ್ಸ್, 1980ರ ಪ್ಯಾಕ್‌ಮ್ಯಾನ್ ಕಾಲದಲ್ಲಿ ಒಂದೊಂದು ಬೋರ್ಡಿಗೆ ಒಂದೊಂದು ಥರದ ವೈರಿಂಗ್. ಆಟ ಬದಲಿಸೋದು ಅಂದರೆ ವೈರಿಂಗನ್ನೂ ಬದಲಿಸೋದು. 1985ರಲ್ಲಿ ಜಪಾನಿನ ತಯಾರಕರ ಸಂಘ ‘ಜಮ್ಮಾ’ ಎಂಬ ಮಾನದಂಡ ತಂದಿತು: ಎಲ್ಲರಿಗೂ 56 ಪಿನ್ನಿನ ಒಂದೇ ಕನೆಕ್ಟರ್. ಹಳೇ ಬೋರ್ಡ್ ಕಿತ್ತು ಬೇರೆಯದು ಸಿಕ್ಕಿಸಿದರೆ ಹೊಸ ಆಟ. ಹೊಸ ಪೆಟ್ಟಿಗೆಯ ಖರ್ಚಿಲ್ಲ.

ನಾನು ತಂದ 60 ಆಟಗಳ ಬೋರ್ಡೂ ಅದೇ ಕನೆಕ್ಟರಿಗೆ ಕೂತಿತು. ಆದರೆ ಪದೇ ಪದೇ ರೀಸ್ಟಾರ್ಟ್! ಮಲ್ಟಿಮೀಟರ್ ಇಟ್ಟು ನೋಡಿದರೆ 5 ವೋಲ್ಟ್ ಬರಬೇಕಾದಲ್ಲಿ 4.6. ಪವರ್ ಸಪ್ಲೈನ ಪುಟ್ಟ ತಿರುಪನ್ನು ತುಸು ತಿರುಗಿಸಿದೆ. ಸರಿಹೋಯ್ತು.

ಮಗಳು ಹತ್ತು ನಿಮಿಷದಲ್ಲಿ ಇಪ್ಪತ್ತು ಆಟ ಬದಲಿಸಿ ‘ಬೋರ್’ ಅಂದಳು. ಅರವತ್ತರಲ್ಲಿ ಒಂದೂ ಅವಳದಾಗಲಿಲ್ಲ. ಸೆಟ್ಟಿಂಗಿನಲ್ಲಿ ‘ಫ್ರೀ ಪ್ಲೇ’ ತೆಗೆದೆ. ನಾಣ್ಯದ ಡಬ್ಬಿಗೆ ವೈರ್ ಜೋಡಿಸಿ, ಅವಳ ಕೈಗೆ ಒಂದು ರೂಪಾಯಿಯ ಐದೇ ನಾಣ್ಯ ಕೊಟ್ಟೆ.

ಕೊನೆಯದನ್ನು ಹಾಕುವ ಮೊದಲು ಅವಳು ಬೆವೆತ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು. ಥೇಟ್ ನಾನೇ.