ಕಪ್ಪು ಕಲ್ಲಿನ ಕೆಂಪು ಗೆರೆ

ಎರಡು ಕಲ್ಲುಗಳು: ಎರಡೂ ನೋಡಲು ಕಪ್ಪು, ಎತ್ತಿದರೆ ಭಾರ. ಒಂದು ಹೆಮಟೈಟ್: ಬಳ್ಳಾರಿ, ಹೊಸಪೇಟೆ, ಸಂಡೂರು ಸೀಮೆಯ ಕಬ್ಬಿಣದ ಅದಿರು. ಇನ್ನೊಂದು ಮ್ಯಾಗ್ನೆಟೈಟ್. 2005ರ ಕೊನೆಗೆ ಗಣಿಗಾರಿಕೆ ನಿಲ್ಲುವವರೆಗೂ ಕುದುರೆಮುಖದಲ್ಲಿ ಅಗೆಯುತ್ತಿದ್ದುದು ಇದನ್ನೇ.

ಖನಿಜವನ್ನು ಗುರುತಿಸುವಾಗ ಮೇಲ್ಮೈಯ ಬಣ್ಣವನ್ನಷ್ಟೇ ನಂಬುವಂತಿಲ್ಲ. ಅಕ್ಕಸಾಲಿ ಒರೆಗಲ್ಲಿಗೆ ಚಿನ್ನ ತಿಕ್ಕುವ ಹಾಗೆ, ಖನಿಜತಜ್ಞರು ಹೊಳಪು ಲೇಪವಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಕಲ್ಲನ್ನು ಉಜ್ಜಿ, ಅಲ್ಲಿ ಉಳಿಯುವ ಪುಡಿಯ ಬಣ್ಣ ನೋಡುತ್ತಾರೆ. ಹೆಮಟೈಟ್ ಎಷ್ಟೇ ಕಪ್ಪಗೆ ಮಿರುಗಲಿ, ಅದರ ಗೆರೆ ಕೆಂಪು. ಸಂಡೂರಿನ ರಸ್ತೆಬದಿಯ ಮರಗಳ ಮೇಲೆ, ಅದಿರು ಲಾರಿಗಳ ಮೇಲೆ ಕೂರುವ ಕೆಂಧೂಳಿನಲ್ಲಿರುವುದೂ ಇದೇ ಪುಡಿ. ಮ್ಯಾಗ್ನೆಟೈಟಿನ ಗೆರೆ ಮಾತ್ರ ಕಪ್ಪೇ. ಸಾಲದ್ದಕ್ಕೆ ಈ ಕಲ್ಲು ಅಯಸ್ಕಾಂತವನ್ನು ಬಲವಾಗಿ ಸೆಳೆಯುತ್ತದೆ. ಹೆಸರೇ ಹೇಳುತ್ತಿದೆಯಲ್ಲ!

ಎಲ್ಲ ಖನಿಜಗಳಿಗೂ ಈ ಪರೀಕ್ಷೆ ಒಗ್ಗದು. ಜರ್ಮನಿಯ ಫ್ರೀಡ್ರಿಷ್ ಮೋಸ್ 1812ರಲ್ಲಿ ರೂಪಿಸಿದ, 1ರಿಂದ 10ರವರೆಗಿನ ಗಡಸುತನದ ಮಾಪಕದಲ್ಲಿ ಪಿಂಗಾಣಿ ಬಿಲ್ಲೆ 7ರ ಆಸುಪಾಸಿನಲ್ಲಿದೆ. ಅದಕ್ಕಿಂತ ಮೆದುವಾದ ಹೆಮಟೈಟ್ ಸವೆದು ಗೆರೆ ಬಿಡುತ್ತದೆ. ಮಾಣಿಕ್ಯದ ಗಡಸುತನ 9. ಅದನ್ನು ಉಜ್ಜಿದರೆ ಗೀಚು ಬೀಳುವುದು ಬಿಲ್ಲೆಗೆ.