ಮದರಾಸಿನಲ್ಲಿ ವಿಳಂಬಮಾಪನ: ಫಿರಂಗಿಯ ಸದ್ದಿನಿಂದ ಅಂತರಜಾಲದವರೆಗೆ

ದೂರದಲ್ಲಿ ನಡೆದ ಸಂಗತಿಯ ವಾರ್ತೆ ನಮ್ಮನ್ನು ಮುಟ್ಟಲು ಸ್ವಲ್ಪವಾದರೂ ಕಾಲ ಹಿಡಿಯುತ್ತದೆ. ಈ ವಿಳಂಬವನ್ನು ಅಳೆಯುವ ಕಾರ್ಯ ಇಂದು ಗಣಕಯಂತ್ರಗಳ ಪಾಲಿಗೆ ಬಂದಿದೆ. ಚೆನ್ನೈ, ಮುಂಬಯಿ, ಬೆಂಗಳೂರು, ಸಿಂಗಪುರ ಮೊದಲಾದೆಡೆಗಳ ದತ್ತಾಂಶ ಕೇಂದ್ರಗಳಲ್ಲಿರುವ ಯಂತ್ರಗಳು ಹಗಲಿರುಳು ಒಂದನ್ನೊಂದು ಕರೆದು, ಮಾರುತ್ತರ ಬರಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಬರೆದಿಡುತ್ತವೆ. ಇದನ್ನು ತೀರ ಈಚಿನ ವಿದ್ಯೆಯೆಂದು ಭಾವಿಸುವುದು ರೂಢಿ. ಆದರೆ ಚೆನ್ನೈ ನಗರದಲ್ಲಿ ಇದಕ್ಕೆ ಇನ್ನೂರು ವರ್ಷಗಳ ಪೂರ್ವೇತಿಹಾಸವಿದೆ. ಅದರಲ್ಲಿ ಬೆಂಗಳೂರು, ಬಳ್ಳಾರಿ, ಮಂಗಳೂರುಗಳಿಗೂ ಪಾಲುಂಟು. ಎಲ್ಲಿ ನಿಂತು ಅಳೆದದ್ದೆಂಬುದನ್ನು ಹೇಳದ ಅಂಕಿ ಅಪೂರ್ಣವೆಂಬ ತತ್ತ್ವ ಆ ಇತಿಹಾಸದಿಂದ ಹೇಗೆ ಸಿದ್ಧಿಸುತ್ತದೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮದರಾಸಿನ ಖಗೋಳ ವೀಕ್ಷಣಾಲಯವು 1786ರಲ್ಲಿ ವಿಲಿಯಂ ಪೆಟ್ರಿ ಎಂಬ ಕಂಪನಿ ಅಧಿಕಾರಿಯ ಖಾಸಗಿ ಪ್ರಯತ್ನವಾಗಿ ಮೊದಲಾಗಿ, 1792ರಲ್ಲಿ ನುಂಗಂಬಾಕದ ಸ್ವಂತ ಕಟ್ಟಡದಲ್ಲಿ ನೆಲೆಗೊಂಡಿತು. 1802ರಲ್ಲಿ ಅಲ್ಲಿಯ ಖಗೋಳಜ್ಞನಾದ ಜಾನ್ ಗೋಲ್ಡಿಂಗ್‌ಹ್ಯಾಮ್ ಮದರಾಸಿನ ಕಾಲಮಾನವು ಗ್ರೀನಿಚ್ಚಿನದಕ್ಕಿಂತ 5 ಗಂಟೆ 21 ನಿಮಿಷ 14 ಸೆಕೆಂಡು ಮುಂದಿದೆಯೆಂದು ನಿರ್ಣಯಿಸಿದನು. ಸೇಂಟ್ ಜಾರ್ಜ್ ಕೋಟೆಯಲ್ಲಿಯೂ ಸೇಂಟ್ ಥಾಮಸ್ ಬೆಟ್ಟದ ದಂಡಿನಲ್ಲಿಯೂ ಫಿರಂಗಿಗಳನ್ನು ಹಾರಿಸುವ ಪದ್ಧತಿಯಿತ್ತು. ಕೋಟೆಯು ವೀಕ್ಷಣಾಲಯಕ್ಕೆ ಎರಡೂವರೆ ಮೈಲಿಗಿಂತ ತುಸು ಹೆಚ್ಚು ದೂರದಲ್ಲಿತ್ತು. ಬೆಟ್ಟವು ಐದೂವರೆ ಮೈಲಿಗಿಂತ ತುಸು ಹೆಚ್ಚು ದೂರದಲ್ಲಿತ್ತು. 1820-21ರಲ್ಲಿ ಗೋಲ್ಡಿಂಗ್‌ಹ್ಯಾಮ್ ಈ ಫಿರಂಗಿಗಳನ್ನೇ ತನ್ನ ಪ್ರಯೋಗಕ್ಕೆ ಸಾಧನ ಮಾಡಿಕೊಂಡನು. ಬಾಯಿಯ ಬೆಂಕಿ ಕಣ್ಣಿಗೆ ಕಂಡ ಕ್ಷಣಕ್ಕೂ ಸದ್ದು ಕಿವಿಗೆ ಬಿದ್ದ ಕ್ಷಣಕ್ಕೂ ನಡುವಣ ಅಂತರವನ್ನು ಗಡಿಯಾರದಿಂದ ಅಳೆದು, ದೂರವನ್ನು ಅದರಿಂದ ಭಾಗಿಸಿ, ಶಬ್ದದ ವೇಗವನ್ನು ಕಂಡುಕೊಳ್ಳುವುದೇ ಆ ಪ್ರಯೋಗ. ಬೆಟ್ಟದ ಫಿರಂಗಿಯ ಸದ್ದು ನುಂಗಂಬಾಕವನ್ನು ಮುಟ್ಟಲು ಸುಮಾರು 26 ಸೆಕೆಂಡು ಬೇಕಾಗುತ್ತಿತ್ತು.

ಈ ಪ್ರಯೋಗದ ಮಹತ್ತ್ವವಿರುವುದು ಅದರಿಂದ ದೊರೆತ ಒಂದು ಸರಾಸರಿಯಲ್ಲಲ್ಲ. ಪ್ರತಿಯೊಂದು ಅಳತೆಯ ಜೊತೆಗೆ ಆ ಹೊತ್ತಿನ ಉಷ್ಣತೆ, ವಾಯುಭಾರ, ಆರ್ದ್ರತೆ, ಗಾಳಿಯ ದಿಕ್ಕುಗಳನ್ನೂ ಗುರುತು ಹಾಕಲಾಯಿತು; ಹೀಗೆ ತಿಂಗಳು ತಿಂಗಳ ಲೆಕ್ಕವನ್ನು ಕೂಡಿಸಲಾಯಿತು. ವರ್ಷದ ಕೊನೆಯ ತಂಪುದಿನಗಳಲ್ಲಿ ಸೆಕೆಂಡಿಗೆ 1100 ಅಡಿಗಳ ಆಸುಪಾಸಿನಲ್ಲಿದ್ದ ವೇಗ ಜುಲೈ ತಿಂಗಳಲ್ಲಿ 1160 ಅಡಿಗಳನ್ನು ಮೀರಿತು. ಒಂದೇ ದೂರ, ಒಂದೇ ಫಿರಂಗಿ. ಆದರೂ ವಿಳಂಬ ಋತುವಿನೊಡನೆ ಬದಲಾಯಿತು. ಒಂದು ದಿನದ ಅಳತೆಯನ್ನೇ ನಂಬಿದವನಿಗೆ ಈ ಸಂಗತಿ ಗೋಚರಿಸುತ್ತಿರಲಿಲ್ಲ. 1823ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಈ ಪ್ರಬಂಧ ಪ್ರಕಟವಾಯಿತು.

ಮೂವತ್ತು ವರ್ಷಗಳ ತರುವಾಯ ತಂತಿ ಬಂದಿತು. 1855ರಲ್ಲಿ ವಿದ್ಯುತ್ ತಂತಿಯ ಸೇವೆ ಸಾರ್ವಜನಿಕರಿಗೆ ತೆರೆದುಕೊಂಡಿತು. ವಿದ್ಯುತ್ತು ತತ್‌ಕ್ಷಣದಲ್ಲಿ ತಲಪುತ್ತದೆಂಬುದು ಜನರ ತಿಳಿವಳಿಕೆ. ಆದರೆ ಭೂಮಾಪನ ಇಲಾಖೆಯವರಿಗೆ ಆ ನಂಬಿಕೆ ಸಾಲದಾಯಿತು. 1870ರ ದಶಕದಲ್ಲಿ ಮಹಾತ್ರಿಕೋನಮಿತಿ ಸಮೀಕ್ಷೆಯ ಕ್ಯಾಂಪ್‌ಬೆಲ್ ಮತ್ತು ಹೆವಿಸೈಡ್ ಎಂಬ ಅಧಿಕಾರಿಗಳು ಮದರಾಸು, ಬೆಂಗಳೂರು, ಬಳ್ಳಾರಿ, ಮಂಗಳೂರು, ಮುಂಬಯಿ ಮೊದಲಾದ ನಿಲ್ದಾಣಗಳ ರೇಖಾಂಶವ್ಯತ್ಯಾಸವನ್ನು ತಂತಿಯ ಮೂಲಕ ನಿರ್ಣಯಿಸತೊಡಗಿದರು. ಬಳ್ಳಾರಿ, ಮಂಗಳೂರುಗಳು ಆಗ ಮದರಾಸು ಆಧಿಪತ್ಯಕ್ಕೇ ಸೇರಿದ್ದವು. ಈ ಅಕ್ಷಾಂಶದಲ್ಲಿ ಒಂದು ಸೆಕೆಂಡಿನ ನೂರರಲ್ಲೊಂದು ಪಾಲು ತಪ್ಪಿದರೂ ನಕ್ಷೆಯ ಮೇಲೆ ಸ್ಥಾನವು ನಾಲ್ಕೂವರೆ ಮೀಟರು ಸರಿಯುತ್ತದೆ. ಆದುದರಿಂದ ತಂತಿಯ ವಿಳಂಬವನ್ನು ಉಪೇಕ್ಷಿಸುವಂತಿರಲಿಲ್ಲ.

ಅವರು ಅನುಸರಿಸಿದ ವಿಧಾನ ಸರಳವಾದುದು. ಒಂದು ನಕ್ಷತ್ರವು ಮದರಾಸಿನ ಮಧ್ಯಾಹ್ನರೇಖೆಯನ್ನು ದಾಟಿದಾಗ ಅಲ್ಲಿಯ ವೀಕ್ಷಕನು ಕೀಲಿಯನ್ನು ಒತ್ತುತ್ತಾನೆ. ಗುರುತು ಮದರಾಸಿನ ಕಾಲಲೇಖಕದಲ್ಲಿಯೂ ಬೆಂಗಳೂರಿನದರಲ್ಲಿಯೂ ಬೀಳುತ್ತದೆ. ಹತ್ತು ನಿಮಿಷಗಳಿಗಿಂತ ತುಸು ಹೆಚ್ಚು ಕಾಲ ಕಳೆದು ಅದೇ ನಕ್ಷತ್ರ ಬೆಂಗಳೂರಿನ ರೇಖೆಯನ್ನು ದಾಟುತ್ತದೆ. ಆಗ ಅಲ್ಲಿಂದ ಒತ್ತಿದ ಗುರುತು ಮತ್ತೆ ಎರಡೂ ಕಡೆ ಬೀಳುತ್ತದೆ. ತಂತಿಯ ವಿಳಂಬದ ಕಾರಣದಿಂದ ಮದರಾಸಿನ ಲೆಕ್ಕದಲ್ಲಿ ಈ ಅವಧಿ ನಿಜಕ್ಕಿಂತ ಸ್ವಲ್ಪ ಹೆಚ್ಚಾಗಿಯೂ ಬೆಂಗಳೂರಿನ ಲೆಕ್ಕದಲ್ಲಿ ಅಷ್ಟೇ ಕಡಮೆಯಾಗಿಯೂ ತೋರುತ್ತದೆ. ಎರಡರ ಸರಾಸರಿಯೇ ನಿಜವಾದ ಅಂತರ. ಎರಡರ ವ್ಯತ್ಯಾಸದ ಅರ್ಧವೇ ತಂತಿಯ ವಿಳಂಬ. ಎರಡು ತುದಿಗಳ ಸಾಕ್ಷ್ಯವನ್ನೂ ಕೂಡಿಸಿಕೊಂಡದ್ದರಿಂದಲೇ ಈ ಬೇರ್ಪಡಿಕೆ ಸಾಧ್ಯವಾಯಿತು.

ಇಲ್ಲಿ ಒಂದು ಶಂಕೆ ಏಳಬಹುದು. ಹೋಗುವ ವಿಳಂಬವೂ ಬರುವ ವಿಳಂಬವೂ ಸಮವೆಂದು ಊಹಿಸಿದರೆ ಮಾತ್ರ ಈ ಲೆಕ್ಕ ಸರಿಯಾಗುತ್ತದಷ್ಟೆ? ಅದು ನಿಜ. ಆದ ಕಾರಣ ಮೂರು ಊರುಗಳನ್ನು ಎರಡೆರಡಾಗಿ ಜೋಡಿಸಿ ಮೂರು ಅಂತರಗಳನ್ನೂ ಬೇರೆ ಬೇರೆ ಅಳೆಯುವುದು ಶಾಸ್ತ್ರಸಮ್ಮತವಾದ ಪರೀಕ್ಷೆ. ಎರಡರ ಮೊತ್ತ ಮೂರನೆಯದಕ್ಕೆ ಹೊಂದದಿದ್ದರೆ ಯಂತ್ರದಲ್ಲಿಯೋ ವೀಕ್ಷಕನಲ್ಲಿಯೋ ತಂತಿಯಲ್ಲಿಯೋ ದೋಷವಿದೆಯೆಂದು ಗೊತ್ತಾಗುತ್ತದೆ.

ಇಷ್ಟರಲ್ಲಿ ಮದರಾಸು ಕಡಲಾಚೆಗೂ ಕೈಚಾಚಿತ್ತು. 1871ರಲ್ಲಿ ಮದರಾಸಿನಿಂದ ಪೆನಾಂಗಿಗೆ ಸಮುದ್ರತಂತಿ ಕೂಡಿತು. ನೂರಹತ್ತು ವರ್ಷಗಳ ಬಳಿಕ, 1981ರಲ್ಲಿ, ಅದೇ ಎರಡು ಊರುಗಳ ನಡುವೆ ದೂರವಾಣಿಯ ತಂತಿ ಬಂದಿತು. 2002ರಲ್ಲಿ ಚೆನ್ನೈ-ಸಿಂಗಪುರಗಳ ನಡುವೆ ಸುಮಾರು 3200 ಕಿಲೋಮೀಟರು ಉದ್ದದ ಗಾಜಿನೆಳೆಯ ತಂತಿಯೂ, 2020ರ ಆಗಸ್ಟಿನಲ್ಲಿ ಅಂದಮಾನ್ ನಿಕೋಬಾರ್ ದ್ವೀಪಗಳಿಗೆ ಇನ್ನೊಂದೂ ಆರಂಭವಾದವು. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಸಾಗುತ್ತದೆ. ಹೀಗಾಗಿ ಆ ತಂತಿಯಲ್ಲಿ ಚೆನ್ನೈಯಿಂದ ಸಿಂಗಪುರಕ್ಕೆ ಹೋಗಿ ಬರಲು ಕನಿಷ್ಠ 32 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಸಾವಿರದಲ್ಲಿ 32 ಪಾಲು, ಬೇಕೇ ಬೇಕು. ಸುಮಾರು 290 ಕಿಲೋಮೀಟರು ದೂರದ ಬೆಂಗಳೂರಿಗೆ ನೇರವಾಗಿ ಹೋಗಿ ಬರುವುದಾದರೆ 3 ಮಿಲಿಸೆಕೆಂಡು ಸಾಕು. ಇದಕ್ಕಿಂತ ಹೆಚ್ಚಾಗಿ ಕಂಡುಬರುವ ವಿಳಂಬವೆಲ್ಲ ಬಳಸುದಾರಿಯದು, ಸರದಿಯಲ್ಲಿ ಕಾಯುವುದರದು, ಇಲ್ಲವೆ ಯಂತ್ರಗಳದು.

ಅಂತರಜಾಲದಲ್ಲಿ ಈ ವಿಳಂಬವನ್ನು ಅಳೆಯುವ ಮುಖ್ಯ ಸಾಧನವನ್ನು 1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮೂಸ್ ರಚಿಸಿದನು. ಜಲಾಂತರ್ಗಾಮಿಯನ್ನು ಹುಡುಕಲು ನೀರಿನೊಳಗೆ ಬಿಡುವ ಸದ್ದಿನ ನೆನಪಿನಿಂದ ಅದಕ್ಕೆ 'ಪಿಂಗ್' ಎಂದು ಹೆಸರಿಟ್ಟನು. ಕರೆದವನ ಗಡಿಯಾರವೊಂದೇ ಇದಕ್ಕೆ ಸಾಕು. ಪ್ರತಿಧ್ವನಿ ಬರುವವರೆಗಿನ ಕಾಲವೇ ಉತ್ತರ. ಸೌಕರ್ಯ ಹೆಚ್ಚು, ಆದರೆ ಹೋಗುವ ವಿಳಂಬವನ್ನೂ ಬರುವ ವಿಳಂಬವನ್ನೂ ಇದು ಬೇರ್ಪಡಿಸಲಾರದು. ಒಂದು ದಾರಿಯಿಂದ ಹೋದ ಕರೆಗೆ ಇನ್ನೊಂದು ದಾರಿಯಿಂದ ಉತ್ತರ ಬರುವುದು ಇಲ್ಲಿ ಅಪರೂಪವಲ್ಲ. ಚೆನ್ನೈಯಿಂದ ಬೆಂಗಳೂರಿಗೆ ಹೊರಟ ಕರೆ ಮುಂಬಯಿಯನ್ನು ಸುತ್ತಿ ಬರುವುದೂ ಉಂಟು. 2003ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಂತರಜಾಲ ವಿನಿಮಯ ಸಂಸ್ಥೆಯು ಚೆನ್ನೈಯಲ್ಲಿಯೂ ಕೇಂದ್ರವನ್ನು ತೆರೆದದ್ದು, ದೇಶದೊಳಗಿನ ಮಾತು ಹೊರದೇಶವನ್ನು ಸುತ್ತಿ ಬರದಂತೆ ತಡೆಯುವುದಕ್ಕಾಗಿಯೇ.

2015ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಚೆನ್ನೈಯಲ್ಲಿ ತನ್ನ 'ದಕ್ಷಿಣ ಭಾರತ' ಕ್ಲೌಡ್ ವಲಯವನ್ನು ತೆರೆಯಿತು. ಇಂಥ ವಲಯಗಳಿಂದ ನಡೆಯುವ ಮಾಪನ ನಿರಂತರವಾದುದು, ಆದುದರಿಂದ ಬೆಲೆಯುಳ್ಳದ್ದು. 2016ರ ಡಿಸೆಂಬರ್ 12ರಂದು ವರ್ಧಾ ಚಂಡಮಾರುತ ಚೆನ್ನೈಯನ್ನು ಅಪ್ಪಳಿಸಿದ ಬಳಿಕ ಅಂತರಜಾಲ ಮಂದವಾದಂಥ ಸಂದರ್ಭಗಳಲ್ಲಿ, ಹಿಂದಿನ ದಿನಗಳ ಲೆಕ್ಕವಿದ್ದರಷ್ಟೇ ನಷ್ಟದ ಪ್ರಮಾಣವನ್ನು ಹೇಳಲಾದೀತು. ಆದರೆ ದತ್ತಾಂಶ ಕೇಂದ್ರವೆಂಬುದು ಹೆದ್ದಾರಿಯ ಮೇಲೆಯೇ ಕಟ್ಟಿದ ಮನೆ. ಅಲ್ಲಿಂದ ಅಳೆದ ವಿಳಂಬ ಹೆದ್ದಾರಿಯ ಸ್ಥಿತಿಯನ್ನು ತಿಳಿಸುವುದೇ ಹೊರತು, ಪುತ್ತೂರಿನ ಹಳ್ಳಿಯೊಂದರಲ್ಲಿ ಪಾಠ ಕೇಳುವ ವಿದ್ಯಾರ್ಥಿಯ ಮನೆಗೆ ಹೋಗುವ ಕಾಲುದಾರಿಯ ಸ್ಥಿತಿಯನ್ನಲ್ಲ.

ಈ ಭೇದ ಶಾಸನದಲ್ಲಿಯೂ ಮರೆಯಾದದ್ದುಂಟು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2006ರ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮವು ಅಂತರರಾಷ್ಟ್ರೀಯ ದ್ವಾರದವರೆಗಿನ ವಿಳಂಬ 120 ಮಿಲಿಸೆಕೆಂಡಿಗಿಂತ ಕಡಮೆಯಿರಬೇಕೆಂದು ವಿಧಿಸಿತ್ತು. ಆದರೆ ಅಳತೆ ಹೊರಡಬೇಕಾದ ಸ್ಥಳ ಗ್ರಾಹಕನ ಮನೆಯಾಗಿರದೆ ಸೇವಾಸಂಸ್ಥೆಯ ಕೇಂದ್ರವಾಗಿತ್ತು. ಮನೆಯಿಂದ ಆ ಕೇಂದ್ರದವರೆಗಿನ ಕಷ್ಟವೆಲ್ಲ ಲೆಕ್ಕದ ಹೊರಗೆ ಉಳಿಯಿತು. ಅಂಕಿ ಸುಳ್ಳಲ್ಲ, ಆದರೆ ಅದು ಗ್ರಾಹಕನ ಅಂಕಿಯಲ್ಲ. 2010ರಲ್ಲಿ ಯೂರೋಪಿನ ರೈಪ್ ಎನ್‌ಸಿಸಿ ಸಂಸ್ಥೆ ಆರಂಭಿಸಿದ 'ಅಟ್ಲಾಸ್' ಯೋಜನೆ ಈ ಕೊರತೆಯನ್ನು ಕಂಡುಕೊಂಡು, ಸ್ವಯಂಸೇವಕರ ಮನೆಗಳಲ್ಲಿಯೇ ಪುಟ್ಟ ಮಾಪಕಗಳನ್ನಿಡುವ ದಾರಿ ಹಿಡಿಯಿತು.

ಮೇಲಿನ ಪರಾಮರ್ಶೆಯಿಂದ ಫಲಿಸುವ ಅಂಶಗಳು ಮೂರು. ಅಳತೆ ಒಂದು ದಿನದ್ದಾಗಿರದೆ ಋತುಗಳುದ್ದಕ್ಕೂ ನಡೆಯಬೇಕು. ಇದು ಗೋಲ್ಡಿಂಗ್‌ಹ್ಯಾಮನ ಫಿರಂಗಿಗಳು ಕಲಿಸಿದ ಪಾಠ. ಸಾಧ್ಯವಾದಲ್ಲಿ ಎರಡು ತುದಿಗಳ ಸಾಕ್ಷ್ಯವನ್ನೂ ಕೂಡಿಸಬೇಕು. ಇದು ಮದರಾಸು-ಬೆಂಗಳೂರಿನ ತಂತಿ ಕಲಿಸಿದ ಪಾಠ. ಮೂರನೆಯದಾಗಿ, ಯಾರ ಅನುಭವವನ್ನು ಅಳೆಯಬೇಕೋ ಅವರಿರುವಲ್ಲಿ ಒಂದು ಮಾಪಕವಾದರೂ ಇರಬೇಕು. ಕನ್ನಡನಾಡಿನ ಗ್ರಾಮ ಗ್ರಾಮಗಳ ಶಾಲೆ, ಗ್ರಂಥಾಲಯ, ಪಂಚಾಯಿತಿಗಳಲ್ಲಿ ಇಂಥ ಮಾಪಕಗಳನ್ನಿಟ್ಟು, ಅವುಗಳ ದಾಖಲೆಯನ್ನು ತಿಂಗಳು ತಿಂಗಳು ಪ್ರಕಟಿಸುವುದು ದುಬಾರಿಯ ಕೆಲಸವಲ್ಲ. ಹಾಗೆ ಮಾಡಿದಲ್ಲಿ, ಸಂಪರ್ಕ ಚೆನ್ನಾಗಿದೆಯೆಂಬ ಮಾತು ಬಂದಾಗ ಎಲ್ಲಿಂದ ಅಳೆದು ಹೇಳಿದ್ದೆಂದು ಕೇಳುವ ಅಧಿಕಾರ ಹಳ್ಳಿಯವರಿಗೂ ದೊರೆತೀತು.