ನಮ್ಮ ಟ್ರೇಲರ್‌ನ ‘ರೇಡಿಯಂ’ನಲ್ಲಿ ರೇಡಿಯಂ ಇಲ್ಲ!

ಪದಗಳ ಹಿಂದಿನ ಹಿಸ್ಟರಿ – ಭಾಗ 4

ಕಳೆದ ಭಾನುವಾರ ನಾನೂ ಚಿಕ್ಕಪ್ಪನೂ ಸೇರಿ ನಮ್ಮ ಕಬ್ಬಿನ ಟ್ರೇಲರ್‌ಗೆ ನಾವೇ ಸ್ಟಿಕ್ಕರ್ ಅಂಟಿಸಿದ್ವಿ. ಮಂಡ್ಯದ ಅಂಗಡೀಲಿ ಅಕ್ಷರ ಕಟ್ ಮಾಡಿಸ್ಕೊಂಡು ಬಂದಿದ್ವಿ. ಬೋರ್ಡ್ ಮೇಲೆ ‘ರೇಡಿಯಂ ಕಟ್ಟಿಂಗ್’ ಅಂತ ಇತ್ತು. ನೀವೂ ನೋಡಿರ್ತೀರಿ.

“ಇದಕ್ಕೆ ರೇಡಿಯಂ ಅಂತ ಯಾಕಂತಾರೆ ಚಿಕ್ಕಪ್ಪ?”

“ರಾತ್ರಿ ಹೊಳೀತದಲ್ಲ, ಅದಕ್ಕೆ ಕಣಪ್ಪ.”

ಉತ್ತರ ಸರಿಯಾಗೇ ಇದೆ. ಆದ್ರೆ ಅದರ ಹಿಂದೆ ಒಂದು ಕಹಿ ಕಥೆ ಇದೆ.

1898ರಲ್ಲಿ ಪ್ಯಾರಿಸ್‌ನಲ್ಲಿ ಮೇರಿ ಕ್ಯೂರಿ, ಪಿಯರ್ ಕ್ಯೂರಿ ರೇಡಿಯಂ ಕಂಡುಹಿಡಿದ್ರು. ಅದನ್ನು ಸತು ಸಲ್ಫೈಡ್ ಜೊತೆ ಬೆರೆಸಿದ್ರೆ ಕತ್ತಲಲ್ಲಿ ತಾನಾಗೇ ಹೊಳೆಯೋ ಬಣ್ಣ ಆಗುತ್ತೆ. ಮೊದಲ ಮಹಾಯುದ್ಧದ ಹೊತ್ತಿಗೆ ಸೈನಿಕರ ವಾಚುಗಳಿಗೆ ಈ ಬಣ್ಣಕ್ಕೆ ಭಾರಿ ಡಿಮ್ಯಾಂಡು. ಅಮೆರಿಕದ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ವಾಚಿನ ಅಂಕಿಗಳಿಗೆ ಬಣ್ಣ ಹಚ್ಚುತ್ತಿದ್ದವರು ಹುಡುಗಿಯರು. ತುಂಬ ಜನ ನಮ್ಮ ವಯಸ್ಸಿನವರೇ, ಕೆಲವರು ಇನ್ನೂ ಚಿಕ್ಕವರು. ಬ್ರಶ್ ತುದಿ ಚೂಪಾಗಿರಲಿ ಅಂತ ತುಟಿಯಲ್ಲಿ ಇಟ್ಟು ತೀಡಬೇಕಿತ್ತು. ಏನೂ ಆಗಲ್ಲ ಅಂತ ಅವರಿಗೆ ಹೇಳಿದ್ರು. ಅದೇ ಕಂಪನಿಯ ಕೆಮಿಸ್ಟ್‌ಗಳು ಮಾತ್ರ ಸೀಸದ ಅಡ್ಡಗೋಡೆ ಇಟ್ಕೊಂಡು ಕೆಲಸ ಮಾಡ್ತಿದ್ರು!

ಆಮೇಲೆ ಹಲ್ಲು ಉದುರಿದ್ವು, ದವಡೆ ಮೂಳೆ ಕೊಳೀತು, ಹಲವರು ಸತ್ರು. ಗ್ರೇಸ್ ಫ್ರೈಯರ್ ಮತ್ತು ಇನ್ನೂ ನಾಲ್ವರು ಕೋರ್ಟಿಗೆ ಹೋದ್ರು. 1928ರಲ್ಲಿ ರಾಜಿಯಾಗಿ ಪರಿಹಾರ ಸಿಕ್ತು. ಕೆಲಸದಿಂದ ಬರೋ ಕಾಯಿಲೆಗೆ ಮಾಲೀಕರೂ ಹೊಣೆ ಅನ್ನೋ ಮಾತಿಗೆ ಅವರ ಹೋರಾಟದಿಂದ ಬಲ ಬಂತು. ನಾವು ಬಿಕಾಂನಲ್ಲಿ ‘ಕಾರ್ಮಿಕ ಪರಿಹಾರ’ ಅಂತ ಎರಡು ಮಾರ್ಕಿಗೆ ಬರೀತೀವಲ್ಲ, ಅದರ ಹಿಂದೆ ಇಂಥ ಮುಖಗಳಿವೆ.

ಹಾಗಾದ್ರೆ ನಮ್ಮ ಟ್ರೇಲರ್ ಮೇಲಿರೋದು ಏನು? ಹೆದರಬೇಡಿ, ಬರೀ ಪ್ಲಾಸ್ಟಿಕ್ಕು. ಅಕ್ಷರಗಳು ವಿನೈಲ್. ಕೆಂಪು ಪಟ್ಟಿ ಮಾತ್ರ ಬೇರೆ ಜಾತಿ: ಬಿದ್ದ ಬೆಳಕನ್ನ ಬಂದ ದಾರೀಲೇ ವಾಪಸ್ ಕಳಿಸುತ್ತೆ. 1930ರ ದಶಕದ ಕೊನೆಗೆ ಅಮೆರಿಕದ 3ಎಂ ಕಂಪನಿ ಸಣ್ಣ ಸಣ್ಣ ಗಾಜಿನ ಮಣಿ ಕೂರಿಸಿ ರಸ್ತೆ ಬೋರ್ಡಿಗೆ ಇಂಥ ಹಾಳೆ ಮಾಡ್ತು. ಹಳೇ ರೇಡಿಯಂ ತಾನೇ ಹೊಳೀತಿತ್ತು, ಇದಕ್ಕೆ ಸ್ವಂತ ಬೆಳಕಿಲ್ಲ. ಹೊಳೆಯೋದಕ್ಕೆಲ್ಲ ಒಂದೇ ಹೆಸರು ಉಳ್ಕೊಂತು ಅಷ್ಟೇ.

ಈಗ ನಿಜ ಹೇಳ್ತೀನಿ. ಹೋದ ಸೀಸನ್‌ನಲ್ಲಿ ನಮ್ಮೂರ ಅಣ್ಣ ಒಬ್ರು ರಾತ್ರಿ ಬೈಕಲ್ಲಿ ಬರ್ತಾ, ಪಂಚರ್ ಆಗಿ ನಿಂತಿದ್ದ ಕಬ್ಬಿನ ಟ್ರೇಲರ್‌ಗೆ ಹಿಂದಿನಿಂದ ಗುದ್ದಿದ್ರು. ಕಾಲು ಮುರೀತು. ಆ ಟ್ರೇಲರ್ ನಮ್ದು. ಹಿಂದೆ ದೊಡ್ಡದಾಗಿ ದೇವರ ಹೆಸರಿತ್ತು, ಕೆಂಪು ಪಟ್ಟಿ ಇರಲಿಲ್ಲ. ಅವರು ನಮ್ಮನ್ನ ಬೈಯಲೂ ಇಲ್ಲ. ಅದೇ ಜಾಸ್ತಿ ಚುಚ್ಚುತ್ತೆ.

ಅದಕ್ಕೇ ಈ ಸಲ ಮೊದಲು ಪಟ್ಟಿ, ಆಮೇಲೆ ಹೆಸರು. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಸೋಪಲ್ಲಿ ತೊಳೆದು, ಪೂರ್ತಿ ಒಣಗಿಸಿ, ಎಣ್ಣೆ ಜಿಡ್ಡು ಒರೆಸಿ ಅಂಟಿಸಬೇಕು. ಹಳೇ ಎಟಿಎಂ ಕಾರ್ಡಲ್ಲಿ ನಡುವಿಂದ ಅಂಚಿಗೆ ಒತ್ತಿದ್ರೆ ಗುಳ್ಳೆ ಬರಲ್ಲ. ನಾನು ಒಂದು ಅಕ್ಷರ ಸೊಟ್ಟ ಅಂಟಿಸಿದ್ದೀನಿ, ಎರಡನೇ ಫೋಟೊ ನೋಡಿ ನಗಬೇಡಿ. ಪಟ್ಟಿ ತೀರ ಮೇಲಿದ್ರೆ ಜೋತುಬೀಳೋ ಕಬ್ಬಿನ ಸೋಗೆ ಮುಚ್ಚಿಬಿಡುತ್ತೆ, ಸ್ವಲ್ಪ ಕೆಳಗಿರಲಿ. ವಾರಕ್ಕೊಮ್ಮೆ ಧೂಳು ಒರೆಸಿ.

ರಾತ್ರಿ ಚಿಕ್ಕಪ್ಪ ದೂರದಿಂದ ಬೈಕ್ ಹೆಡ್‌ಲೈಟ್ ಹಾಕಿದ್ರು. ಕೆಂಪು ಪಟ್ಟಿ ಕೆಂಡದ ಥರ ಕಾಣಿಸ್ತು. ಇಬ್ರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಿಮ್ಮನೇಲೂ ಟ್ರೇಲರ್ ಇದ್ರೆ ಇವತ್ತು ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ಹಿಂದೆ ನಿಂತು ನೋಡಿ. ಏನು ಕಾಣಿಸ್ತು ಅಂತ ಕಮೆಂಟ್ ಮಾಡಿ.

#ಪದಗಳಹಿಂದಿನಹಿಸ್ಟರಿ #ರೇಡಿಯಂ #ಕಬ್ಬಿನಸೀಸನ್